ಸೀರಂ ಸಾಲದಾಗ ಏನು ಕಳಿಸಬೇಕು? ಪ್ರಾಣಿಗಳ ಸೋಂಕು ಪತ್ತೆಗೆ ಸ್ಯಾಂಪಲ್ ಆರಿಸುವ ಬಗೆ

2024ರ ಆರಂಭದಲ್ಲಿ ಅಮೆರಿಕದ ಟೆಕ್ಸಾಸ್ ಕಡೆಯ ಡೈರಿಗಳಲ್ಲಿ ಹಸುಗಳು ಇದ್ದಕ್ಕಿದ್ದಂತೆ ಮೇವು ಬಿಟ್ಟವು. ಹಾಲು ಇಳಿಯಿತು. ಬಂದ ಹಾಲೂ ಗಿಣ್ಣಿನ ಹಾಗೆ ಗಟ್ಟಿಯಾಗಿ, ಹಳದಿಯಾಗಿತ್ತು. ಮಾರ್ಚ್ 25ರಂದು ಕಾರಣ ಹೊರಬಿತ್ತು: ಎಚ್5ಎನ್1, ಅಂದರೆ ಹಕ್ಕಿಜ್ವರದ ವೈರಸ್. ಫ್ಲೂ ವೈರಸ್ ಅಂದ ಮೇಲೆ ಅದನ್ನು ಮೂಗಿನಲ್ಲಿ ಹುಡುಕಬೇಕು ಅಂತಲೇ ಯಾರಿಗಾದರೂ ಅನಿಸುತ್ತದೆ. ಆದರೆ ಮೂಗಿನ ಸ್ವಾಬ್‌ನಲ್ಲಿ ಅದು ಅಷ್ಟಾಗಿ ಸಿಗಲಿಲ್ಲ. ರಕ್ತದಲ್ಲಂತೂ ಅಪರೂಪ. ಹಾಲಿನಲ್ಲಿ ಮಾತ್ರ ವಿಪರೀತ ಇತ್ತು. ವೈರಸ್ ಬೀಡುಬಿಟ್ಟಿದ್ದು ಕೆಚ್ಚಲಿನಲ್ಲಿ. ಹಸಿ ಹಾಲು ಕುಡಿದ ಡೈರಿ ಬೆಕ್ಕುಗಳು ಸತ್ತವು. ಆಮೇಲೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸುವ ಕರೆಯುವ ಹಸುಗಳನ್ನು ಹಾಲಿನಿಂದಲೇ ಪರೀಕ್ಷಿಸತೊಡಗಿದರು. ಡಿಸೆಂಬರ್ ಹೊತ್ತಿಗೆ ದೇಶಮಟ್ಟದಲ್ಲಿ ಹಾಲು ಪರೀಕ್ಷಿಸುವ ಯೋಜನೆಯೇ ಬಂತು.

ಸ್ಯಾಂಪಲ್ ತಪ್ಪಿದರೆ ರೋಗಾಣುವಿನ ಜೀನ್ ಹುಡುಕುವ ಎಷ್ಟೇ ಒಳ್ಳೆಯ ಪಿಸಿಆರ್ ಪರೀಕ್ಷೆ ಇದ್ದರೂ ಪ್ರಯೋಜನ ಇಲ್ಲ. ಲ್ಯಾಬ್ ತನ್ನ ಮುಂದೆ ಬಂದದ್ದನ್ನು ಮಾತ್ರ ನೋಡುತ್ತದೆ. ಹಾಗಾಗಿ ಯಾವುದನ್ನು ತೆಗೆಯುವುದು ಸುಲಭ ಅನ್ನುವುದಕ್ಕಿಂತ ಮೊದಲು, ರೋಗಾಣು ಇವತ್ತು ಈ ಪ್ರಾಣಿಯ ಮೈಯಲ್ಲಿ ಎಲ್ಲಿದೆ ಅಂತ ಕೇಳಿಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ಏನು ಮಾಡುತ್ತೇನೆ ಅನ್ನುವುದೂ ಅಷ್ಟೇ ಮುಖ್ಯ. ಒಂದು ಪ್ರಾಣಿಗೆ ಚಿಕಿತ್ಸೆ ಕೊಡಬೇಕಾ, ಇಡೀ ಹಿಂಡಿನ ಸ್ಥಿತಿ ತಿಳಿಯಬೇಕಾ, ಅದರ ಮೇಲೆ ಸ್ಯಾಂಪಲ್ ಬದಲಾಗುತ್ತದೆ.

ಸೀರಂ ಎಲ್ಲಿ ಕೈಕೊಡುತ್ತದೆ

ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವದಲ್ಲಿ, ನಾವು ಬಹುಪಾಲು ಹುಡುಕುವುದು ಪ್ರತಿಕಾಯಗಳನ್ನು. ಅಂದರೆ ರೋಗಾಣುವನ್ನಲ್ಲ, ಅದಕ್ಕೆ ದೇಹ ಕೊಟ್ಟ ಉತ್ತರವನ್ನು. ಆ ಉತ್ತರ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಆಫ್ರಿಕನ್ ಹಂದಿಜ್ವರದಲ್ಲಿ ಎಷ್ಟೋ ಹಂದಿಗಳು ಅಷ್ಟರೊಳಗೆ ಸತ್ತೇ ಹೋಗುತ್ತವೆ. ಅಲ್ಲಿ ಪ್ರತಿಕಾಯ ಹುಡುಕುತ್ತಾ ಕೂತರೆ ರೋಗ ಕೈ ಮೀರಿರುತ್ತದೆ.

ಲಸಿಕೆ ಹಾಕಿದ ಪ್ರಾಣಿಯಲ್ಲೂ ಪ್ರತಿಕಾಯ ಇರುತ್ತದೆ. ಗಿಣ್ಣುಹಾಲು ಕುಡಿದ ಕರುವಿನಲ್ಲಿ ತಾಯಿಯ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಹಸುಗಳ ಕ್ಷಯದಲ್ಲಿ ಪ್ರತಿಕಾಯ ತುಂಬಾ ತಡವಾಗಿ ಬರುತ್ತದೆ. ಅದಕ್ಕೇ ಅಲ್ಲಿ ಇವತ್ತಿಗೂ ಚರ್ಮಕ್ಕೆ ಟ್ಯೂಬರ್‌ಕುಲಿನ್ ಚುಚ್ಚಿ, 72 ಗಂಟೆ ಬಿಟ್ಟು ಊತ ಅಳೆಯುತ್ತಾರೆ. ಇಲ್ಲವೇ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಪೂರ್ತಿ ರಕ್ತದಲ್ಲಿ ಗಾಮಾ ಇಂಟರ್‌ಫೆರಾನ್ ಪರೀಕ್ಷೆ ಮಾಡುತ್ತಾರೆ. ಈ ಎರಡನೆಯದಕ್ಕೆ ರಕ್ತದ ಕಣಗಳು ಜೀವಂತ ಇರಬೇಕು. ಆ ಟ್ಯೂಬನ್ನು ಫ್ರಿಜ್‌ನಲ್ಲಿಡಬಾರದು, ತಡಮಾಡದೆ ಲ್ಯಾಬಿಗೆ ಮುಟ್ಟಿಸಬೇಕು.

ಪ್ರಿಯಾನ್ ಕಾಯಿಲೆಗಳಲ್ಲಿ ಈ ಕೊರತೆ ಪೂರ್ತಿಯಾಗಿಯೇ ಕಾಣುತ್ತದೆ. ಕುರಿಗಳ ಸ್ಕ್ರೇಪಿ, ಹಸುಗಳ ಹುಚ್ಚುಹಸು ರೋಗ, ಜಿಂಕೆಗಳ ಸೊರಗುವ ಕಾಯಿಲೆ, ಇವುಗಳಲ್ಲಿ ದೇಹ ಪ್ರತಿಕಾಯವನ್ನೇ ಮಾಡುವುದಿಲ್ಲ. ತಪ್ಪಾಗಿ ಮಡಚಿಕೊಂಡ ತನ್ನದೇ ಪ್ರೋಟೀನನ್ನು ದೇಹ ಪರಕೀಯ ಅಂತ ಗುರುತಿಸುವುದಿಲ್ಲ. ಹಾಗಾಗಿ ಇಲ್ಲಿ ಮಿದುಳು ಕಾಂಡದ ತುಣುಕು ಬೇಕು. ಜಿಂಕೆಗಳಲ್ಲಿ ಗಂಟಲ ಹಿಂದಿನ ದುಗ್ಧಗ್ರಂಥಿಯೂ ಆಗುತ್ತದೆ. ಜೀವಂತ ಕುರಿಯಲ್ಲಾದರೆ ಗುದನಾಳದ ಒಳಪದರದಿಂದ ಚಿಕ್ಕ ಬಯಾಪ್ಸಿ ತೆಗೆಯುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಸೀರಂ ಬೇಡ ಅಂತಲ್ಲ. ಹಿಂಡಿಗೆ ಹಿಂದೆ ಸೋಂಕು ತಗುಲಿತ್ತಾ, ಲಸಿಕೆ ಹಿಡಿದಿದೆಯಾ, ಈ ಪ್ರದೇಶ ರೋಗಮುಕ್ತವಾ ಅನ್ನುವ ಪ್ರಶ್ನೆಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ ತೆಗೆದು ಹೋಲಿಸಿದರೆ ಹೊಸ ಸೋಂಕನ್ನೂ ಹಿಡಿಯಬಹುದು. ಇವತ್ತು ಕಾಯಿಲೆ ಬಿದ್ದಿರುವ ಪ್ರಾಣಿಗೆ ಇವತ್ತೇ ಉತ್ತರ ಬೇಕು ಅಂದಾಗ ಮಾತ್ರ ಬೇರೆ ಕಡೆ ನೋಡಬೇಕಾಗುತ್ತದೆ.

ಹಾಲು: ಟ್ಯಾಂಕಿನದೋ, ಹಸುವಿನದೋ, ಒಂದೇ ಮೊಲೆಯದೋ

ಹಾಲಿನಷ್ಟು ಸುಲಭದ ಸ್ಯಾಂಪಲ್ ಇನ್ನೊಂದಿಲ್ಲ. ಸೂಜಿ ಬೇಡ, ಹಸುವನ್ನು ಹಿಡಿದು ಕಟ್ಟುವುದು ಬೇಡ, ಹೇಗೂ ದಿನಾ ಕರೆಯುತ್ತೇವೆ. ಆದರೆ ಹಾಲು ಅಂದರೆ ಒಂದೇ ಸ್ಯಾಂಪಲ್ ಅಲ್ಲ. ಒಂದೊಂದು ಮಟ್ಟದ ಹಾಲು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ.

ಟ್ಯಾಂಕಿನ ಹಾಲು ಹಿಂಡಿನ ಪ್ರಶ್ನೆಗೆ. ಇದರ ಹಳೆಯ, ಚೆಂದದ ಉದಾಹರಣೆ ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್‌ನ ಹಾಲಿನ ಉಂಗುರ ಪರೀಕ್ಷೆ. ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ಬ್ಯಾಕ್ಟೀರಿಯಾವನ್ನು ಹಾಲಿಗೆ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತಾರೆ. ಹಾಲಿನಲ್ಲಿ ಪ್ರತಿಕಾಯ ಇದ್ದರೆ ಅದು ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುತ್ತದೆ. ಆ ಗಂಟು ಕೊಬ್ಬಿನ ಕಣಗಳಿಗೆ ಅಂಟಿ ಮೇಲೇಳುತ್ತದೆ. ಕೆನೆ ನೀಲಿ ಉಂಗುರವಾಗುತ್ತದೆ, ಕೆಳಗಿನ ಹಾಲು ಬೆಳ್ಳಗಾಗುತ್ತದೆ. ಖರ್ಚು ಕಡಿಮೆ, ಕಣ್ಣಲ್ಲೇ ಕಾಣುತ್ತದೆ. ಆದರೆ ಕೆಚ್ಚಲು ಬಾವು ಇದ್ದರೆ, ಗಿಣ್ಣು ಬೆರೆತರೆ, ಹಾಲು ಬತ್ತುವ ಹಂತದ ಹಸು ಇದ್ದರೆ ಸುಳ್ಳು ಪಾಸಿಟಿವ್ ಬರಬಹುದು. ಕುರಿ, ಮೇಕೆ ಹಾಲಿಗೆ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಈಗ ಹಲವೆಡೆ ಇದರ ಜಾಗಕ್ಕೆ ಹಾಲಿನ ಎಲೈಸಾ, ಅಂದರೆ ಪ್ರತಿಕಾಯವನ್ನು ಬಣ್ಣದಿಂದ ಅಳೆಯುವ ಲ್ಯಾಬ್ ಪರೀಕ್ಷೆ ಬಂದಿದೆ.

ಡೆನ್ಮಾರ್ಕ್ ದೇಶ 1994ರಲ್ಲಿ ಬಿವಿಡಿ, ಅಂದರೆ ದನಗಳ ಬೇಧಿ ವೈರಸ್ ನಿರ್ಮೂಲನೆಗೆ ಹೊರಟಾಗ ಟ್ಯಾಂಕಿನ ಹಾಲಿನ ಪ್ರತಿಕಾಯ ಪರೀಕ್ಷೆಯನ್ನೇ ಜರಡಿಯಾಗಿ ಬಳಸಿತು. ಸಾವಿರಾರು ಹಿಂಡುಗಳಲ್ಲಿ ಅನುಮಾನ ಇರುವವು ಯಾವುವು ಅಂತ ಮೊದಲು ಗೊತ್ತಾಯಿತು. ಒಂದೊಂದೇ ಪ್ರಾಣಿಯ ಪರೀಕ್ಷೆ ಆ ಹಿಂಡುಗಳಲ್ಲಿ ಮಾತ್ರ ನಡೆಯಿತು. ಟ್ಯಾಂಕಿನ ಹಾಲನ್ನು ಹೀಗೆ ಬಳಸುವುದೇ ಸರಿ ಅಂತ ನನಗೂ ಅನಿಸುತ್ತದೆ. ಅದು ಜರಡಿ ಅಷ್ಟೇ, ತೀರ್ಪು ಅಲ್ಲ.

ಯಾಕೆಂದರೆ ಟ್ಯಾಂಕಿನಲ್ಲಿ ಇಲ್ಲದವರ ಪಟ್ಟಿ ದೊಡ್ಡದು. ಕರುಗಳು, ಪಡ್ಡೆಗಳು, ಹೋರಿಗಳು, ಹಾಲು ಬತ್ತಿಸಿದ ಹಸುಗಳು ಯಾರೂ ಅಲ್ಲಿಲ್ಲ. ಕಾಯಿಲೆ ಬಿದ್ದ ಹಸುವಿನ ಹಾಲನ್ನು ಬೇರೆ ಇಟ್ಟಿರುತ್ತಾರೆ, ಹಾಗಾಗಿ ನಮಗೆ ಬೇಕಾದ ಹಸುವೇ ಅಲ್ಲಿ ಇರುವುದಿಲ್ಲ! ಜೊತೆಗೆ ಹಾಲಿನಲ್ಲಿ ಪ್ರತಿಕಾಯ ಸೀರಂಗಿಂತ ತುಂಬಾ ಕಡಿಮೆ. ದೊಡ್ಡ ಹಿಂಡಿನಲ್ಲಿ ಒಂದೇ ಹಸು ಪಾಸಿಟಿವ್ ಇದ್ದರೆ ಅದು ಕರಗಿ ಹೋಗಬಹುದು. ಸೀರಂಗೆ ಇಟ್ಟ ಅಳತೆಗೋಲನ್ನೇ ಹಾಲಿಗೂ ಇಟ್ಟರೆ ಲೆಕ್ಕ ತಪ್ಪುತ್ತದೆ. ಕಿಟ್ ತಯಾರಿಸಿದವರು ಹಾಲಿಗೆ ಅಂತ ಬೇರೆ ಮಿತಿ ಕೊಟ್ಟಿದ್ದಾರಾ ಅಂತ ಲ್ಯಾಬಿನವರನ್ನು ಕೇಳಿಯೇ ಕಳಿಸಬೇಕು.

ಒಂದೇ ಹಸುವಿನ ಹಾಲಿನಿಂದ ಜೋನ್ಸ್ ಕಾಯಿಲೆಯ, ಅಂದರೆ ನಿಧಾನವಾಗಿ ಬೆಳೆಯುವ ಕರುಳಿನ ಬ್ಯಾಕ್ಟೀರಿಯಾ ಸೋಂಕಿನ ಪ್ರತಿಕಾಯ ನೋಡಬಹುದು. ಕೆಚ್ಚಲು ಬಾವಿಗೆ ಮಾತ್ರ ಹಸು ಮಟ್ಟವೂ ಸಾಲದು, ಬಾವು ಬಂದ ಮೊಲೆಯ ಹಾಲೇ ಬೇಕು. ಇಲ್ಲಿ ಸ್ಯಾಂಪಲ್ ಕೆಡುವುದು ಲ್ಯಾಬಿನಲ್ಲಲ್ಲ, ಕೊಟ್ಟಿಗೆಯಲ್ಲಿ. ಮೊದಲ ಕೆಲವು ಧಾರೆ ಚೆಲ್ಲಬೇಕು. ಮೊಲೆ ತುದಿಯನ್ನು 70 ಪ್ರತಿಶತ ಆಲ್ಕೋಹಾಲ್‌ನಲ್ಲಿ ಒರೆಸಬೇಕು, ಹತ್ತಿ ಸ್ವಚ್ಛವಾಗಿ ಕಾಣುವವರೆಗೂ. ಬಾಟಲಿಯ ಬಾಯನ್ನು ಓರೆಯಾಗಿ ಹಿಡಿಯಬೇಕು, ಮೊಲೆಗೆ ತಾಗಿಸಬಾರದು. ಒಂದೇ ಸ್ಯಾಂಪಲ್‌ನಲ್ಲಿ ಮೂರು ಅಥವಾ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಬೆಳೆದರೆ ಲ್ಯಾಬಿನವರು ಅದನ್ನು ಕೊಳೆ ಬಿದ್ದ ಸ್ಯಾಂಪಲ್ ಅಂತಲೇ ಎಣಿಸುತ್ತಾರೆ.

ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಒಳ್ಳೆಯದಾ, ಪಿಸಿಆರ್ ಒಳ್ಳೆಯದಾ? ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಕಲ್ಚರ್. ಆ್ಯಂಟಿಬಯಾಟಿಕ್ ಆಗಲೇ ಕೊಟ್ಟಾಗಿದೆ, ಅಥವಾ ಸುಲಭವಾಗಿ ಬೆಳೆಯದ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಅನುಮಾನ ಇದೆ ಅಂದರೆ ಪಿಸಿಆರ್. ಪಿಸಿಆರ್ ಸತ್ತ ಬ್ಯಾಕ್ಟೀರಿಯಾವನ್ನೂ ಎತ್ತಿ ತೋರಿಸುತ್ತದೆ, ಕೊಳೆಯನ್ನೂ ಎತ್ತಿ ತೋರಿಸುತ್ತದೆ. ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಹಾಲಿನಲ್ಲಿ ಒಂದು ದಿನ ಬಂದು ಇನ್ನೊಂದು ದಿನ ಬರದೆ ಇರಬಹುದು. ಒಂದು ನೆಗೆಟಿವ್ ಬಂತು ಅಂತ ಆ ಹಸುವನ್ನು ಪಟ್ಟಿಯಿಂದ ತೆಗೆಯಬೇಡಿ.

ಕಿವಿಚೂರು

ಬಿವಿಡಿಯಲ್ಲಿ ನಿಜವಾದ ಅಪಾಯ ಇರುವುದು ಹೊಟ್ಟೆಯಲ್ಲಿದ್ದಾಗಲೇ ಸೋಂಕು ತಗುಲಿ ಹುಟ್ಟಿದ ಕರುವಿನಿಂದ. ಅದು ವೈರಸ್ಸನ್ನು ತನ್ನದೇ ಅಂದುಕೊಂಡು ಜೀವನಪೂರ್ತಿ ಹೊರಹಾಕುತ್ತದೆ. ಆ ವೈರಸ್‌ಗೆ ಅದು ಪ್ರತಿಕಾಯ ಮಾಡುವುದಿಲ್ಲ. ಆದ್ದರಿಂದ ಪ್ರತಿಕಾಯ ಪರೀಕ್ಷೆಯಲ್ಲಿ ಅತಿ ಅಪಾಯದ ಕರುವೇ ಆರೋಗ್ಯವಂತನ ಹಾಗೆ ಕಾಣುತ್ತದೆ. ರಕ್ತದಲ್ಲಿ ವೈರಸ್ ಹುಡುಕೋಣ ಅಂದರೆ ಗಿಣ್ಣುಹಾಲಿನ ಪ್ರತಿಕಾಯ ಅಡ್ಡ ಬರುತ್ತದೆ. ಕಿವಿಯ ಚರ್ಮದಲ್ಲಿ ಈ ತೊಡಕು ತುಂಬಾ ಕಡಿಮೆ. ಕಿವಿಗೆ ಗುರುತಿನ ಓಲೆ ಹಾಕುವಾಗಲೇ ಒಂದು ಚೂರು ಚರ್ಮ ಪುಟ್ಟ ಡಬ್ಬಿಗೆ ಬೀಳುವಂಥ ಸಾಧನ ಇದೆ. ಓಲೆಯ ನಂಬರೇ ಡಬ್ಬಿಯ ಮೇಲೂ ಇರುತ್ತದೆ, ಹೆಸರು ಅದಲುಬದಲಾಗುವ ಭಯ ಇಲ್ಲ.

ಸ್ವಿಟ್ಜರ್ಲೆಂಡ್ 2008ರಲ್ಲಿ ದೇಶದ ದನಗಳನ್ನೆಲ್ಲ ಈ ದಾರಿಯಲ್ಲಿ ಪರೀಕ್ಷಿಸಲು ಹೊರಟಿತು. ಜರ್ಮನಿ 2011ರಲ್ಲಿ, ಐರ್ಲೆಂಡ್ 2013ರಲ್ಲಿ ಕರುಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಡೆನ್ಮಾರ್ಕ್ ಹಾಲಿನಿಂದ ಶುರು ಮಾಡಿತು, ಇವರು ಕಿವಿಯಿಂದ. ಒಂದೇ ರೋಗ, ಎರಡು ದಾರಿ. ಹಿಂಡುಗಳಲ್ಲಿ ರೋಗ ಕಡಿಮೆ ಹರಡಿದ್ದರೆ ಟ್ಯಾಂಕಿನ ಹಾಲು ಖರ್ಚು ಉಳಿಸುತ್ತದೆ. ರೋಗ ಎಲ್ಲೆಡೆ ಇದ್ದರೆ ಟ್ಯಾಂಕುಗಳೆಲ್ಲ ಪಾಸಿಟಿವ್ ಬಂದು ಜರಡಿಯೇ ಕಟ್ಟಿಕೊಳ್ಳುತ್ತದೆ. ಆಗ ನೇರವಾಗಿ ಕರುವಿಗೇ ಹೋಗುವುದು ಮೇಲು.

ಹಂದಿಯ ಜೊಲ್ಲು

ಹಂದಿಯ ರಕ್ತ ತೆಗೆಯುವುದು ಯಾರಿಗೂ ಇಷ್ಟದ ಕೆಲಸವಲ್ಲ. ಹಂದಿಗಂತೂ ಅಲ್ಲ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಹಂದಿಯ ಕುತೂಹಲವನ್ನೇ ಬಳಸಿಕೊಂಡರು. ದೊಡ್ಡಿಯೊಳಗೆ ಹಂದಿಯ ಭುಜದ ಎತ್ತರಕ್ಕೆ ಹತ್ತಿ ಹಗ್ಗ ಕಟ್ಟಿ 20ರಿಂದ 30 ನಿಮಿಷ ಬಿಡುತ್ತಾರೆ. ಹಂದಿಗಳು ಬಂದು ಜಗಿಯುತ್ತವೆ. ಒದ್ದೆಯಾದ ಹಗ್ಗವನ್ನು ಚೀಲದೊಳಗೆ ಹಿಂಡಿದರೆ ಇಡೀ ದೊಡ್ಡಿಯ ಸ್ಯಾಂಪಲ್ ಸಿದ್ಧ. ಸುಮಾರು 25 ಹಂದಿಗಳಿಗೆ ಒಂದು ಹಗ್ಗ ಸಾಕಾಗುತ್ತದೆ. ಪಿಆರ್‌ಆರ್‌ಎಸ್, ಹಂದಿ ಫ್ಲೂ, ಸರ್ಕೋವೈರಸ್ ಎಂಬ ಹಂದಿಗಳ ವೈರಸ್ ಸೋಂಕುಗಳನ್ನೆಲ್ಲ ಇದರಲ್ಲಿ ಹುಡುಕಬಹುದು.

ಯಾವ ಹಂದಿಗೆ ಸೋಂಕು ಅಂತ ಹಗ್ಗ ಹೇಳುವುದಿಲ್ಲ. ಜ್ವರ ಬಂದು ಮೂಲೆಯಲ್ಲಿ ಮಲಗಿದ ಹಂದಿ ಹಗ್ಗದ ಹತ್ತಿರ ಬರುವುದೂ ಇಲ್ಲ. ಹಾಗಾಗಿ ದೊಡ್ಡಿಯಲ್ಲಿ ವೈರಸ್ ಓಡಾಡುತ್ತಿದೆಯಾ ಅಂತ ವಾರವಾರ ನೋಡಲು ಹಗ್ಗ ಸರಿ. ಇದ್ದಕ್ಕಿದ್ದಂತೆ ಹಂದಿಗಳು ಸಾಯತೊಡಗಿದರೆ ಹಗ್ಗ ಕಟ್ಟುತ್ತಾ ಕೂರಬೇಡಿ. ಆಫ್ರಿಕನ್ ಹಂದಿಜ್ವರದ ಅನುಮಾನದಲ್ಲಿ ಕಾಯಿಲೆ ಹಂದಿಯ ಪೂರ್ತಿ ರಕ್ತ, ಸತ್ತದ್ದರ ಗುಲ್ಮ ಇವೇ ಮೊದಲ ಆಯ್ಕೆ. ಹಾಲು ಕುಡಿಯುವ ಮರಿಗಳಿಗೆ ಹಗ್ಗ ಜಗಿಯುವುದು ಸರಿಯಾಗಿ ಬರುವುದಿಲ್ಲ. ಮರಿಗಳ ಬಾಲ ಕತ್ತರಿಸಿ ಬೀಜ ತೆಗೆಯುವ ರೂಢಿ ಇರುವ ಕಡೆ ಆ ತುಣುಕುಗಳಿಂದ ಇಳಿಯುವ ದ್ರವವನ್ನೇ ಒಟ್ಟುಗೂಡಿಸಿ ಪಿಆರ್‌ಆರ್‌ಎಸ್‌ಗೆ ನೋಡುತ್ತಾರೆ.

ಕಸಾಯಿಖಾನೆಯಲ್ಲಿ ಇನ್ನೊಂದು ದಾರಿ ಇದೆ. ಮಾಂಸದ ಚೂರನ್ನು ಹೆಪ್ಪುಗಟ್ಟಿಸಿ ಕರಗಿಸಿದಾಗ ಇಳಿಯುವ ರಸದಲ್ಲೂ ಪ್ರತಿಕಾಯ ಇರುತ್ತದೆ. ಡೆನ್ಮಾರ್ಕ್ 1995ರಿಂದ ಹಂದಿ ಹಿಂಡುಗಳ ಸಾಲ್ಮೊನೆಲ್ಲಾ ಮಟ್ಟವನ್ನು ಹೀಗೆ ಅಳೆಯುತ್ತಾ ಬಂದಿದೆ.

ಗುಳ್ಳೆ, ಗಂಟು, ಕಣ್ಣೀರು

ಕಾಲುಬಾಯಿ ರೋಗದಲ್ಲಿ ಒಡೆಯದ ಅಥವಾ ಈಗಷ್ಟೇ ಒಡೆದ ಗುಳ್ಳೆಯ ಸಿಪ್ಪೆಗೆ ಸಾಟಿಯಾದ ಸ್ಯಾಂಪಲ್ ಇಲ್ಲ. ಅದರಲ್ಲಿ ವೈರಸ್ ದಟ್ಟವಾಗಿರುತ್ತದೆ. ಒಂದು ಗ್ರಾಂ ಸಿಕ್ಕರೆ ಸಾಕು. ಆದರೆ ಈ ವೈರಸ್‌ಗೆ ಹುಳಿ ಆಗದು. ಪಿಎಚ್ ಸ್ವಲ್ಪ ಇಳಿದರೂ ಬೇಗ ಸಾಯುತ್ತದೆ. ಅದಕ್ಕೇ ಪಿಎಚ್ 7.2ರಿಂದ 7.6ರ ನಡುವೆ ಇರುವ, ಅರ್ಧ ಗ್ಲಿಸರಾಲ್ ಬೆರೆತ ದ್ರಾವಣದಲ್ಲಿ ಹಾಕಿ ತಂಪಾಗಿ ಕಳಿಸುತ್ತಾರೆ. ಹುಣ್ಣು ಮಾಯ್ದ ಮೇಲೆ ಸಿಪ್ಪೆಯಿಂದ ಪ್ರಯೋಜನ ಇಲ್ಲ. ಆಗ ಎರಡು ದಾರಿ. ಹಿಂದೆ ಸೋಂಕಿತ್ತಾ ಅಂತ ತಿಳಿಯಲು ಸೀರಂನಲ್ಲಿ ವೈರಸ್‌ನ ರಚನೆಗೆ ಸೇರದ ಪ್ರೋಟೀನುಗಳ ಪ್ರತಿಕಾಯ ನೋಡುವುದು. ಶುದ್ಧೀಕರಿಸಿದ ಲಸಿಕೆಯಲ್ಲಿ ಆ ಪ್ರೋಟೀನುಗಳು ಇರದ ಕಾರಣ, ಲಸಿಕೆ ಹಾಕಿದ್ದರೂ ಸೋಂಕು ಬೇರೆಯಾಗಿ ಕಾಣುವುದು ಇದರಲ್ಲಿ. ಇನ್ನೂ ವೈರಸ್ ಹೊತ್ತು ತಿರುಗುತ್ತಿದೆಯಾ ಅಂತ ತಿಳಿಯಲು ಪ್ರೋಬ್ಯಾಂಗ್ ಅನ್ನುವ ಉದ್ದ ಹಿಡಿಯ ಪುಟ್ಟ ಬಟ್ಟಲಿನಿಂದ ಗಂಟಲು, ಅನ್ನನಾಳದ ದ್ರವ ಕೆರೆದು ತೆಗೆಯುವುದು. 28 ದಿನ ಕಳೆದ ಮೇಲೂ ಅಲ್ಲಿ ವೈರಸ್ ಸಿಕ್ಕರೆ ಆ ಪ್ರಾಣಿ ವಾಹಕ. ಹಸು, ಎಮ್ಮೆ, ಕುರಿಗಳಿಗೆ ಇದು ಸರಿ. ಹಂದಿಗಳು ವಾಹಕ ಆಗುವುದಿಲ್ಲ.

ಚರ್ಮಗಂಟು ರೋಗದಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ರಕ್ತದಲ್ಲಿ ವೈರಸ್ ಇರುವ ಅವಧಿ ಚಿಕ್ಕದು. ಗಂಟಿನಲ್ಲಿ, ಒಣಗಿದ ಹಕ್ಕಳೆಯಲ್ಲಿ ಅದು ತಿಂಗಳಿಗೂ ಮೀರಿ ಉಳಿಯುತ್ತದೆ. ಕರೆ ಬರುವ ಹೊತ್ತಿಗೆ ಹೇಗೂ ತಡವಾಗಿರುತ್ತದೆ, ಅಲ್ವಾ? ಹಕ್ಕಳೆಯೇ ತೆಗೆಯಿರಿ. ಈ ರೋಗದಲ್ಲಿ ರಕ್ಷಣೆ ಬಹುಪಾಲು ಪ್ರತಿಕಾಯದಿಂದಲ್ಲ, ದೇಹದ ರಕ್ಷಣಾ ಜೀವಕೋಶಗಳಿಂದ ಬರುವುದರಿಂದ ಪ್ರತಿಕಾಯದ ಮಟ್ಟ ಕೆಲವು ಪ್ರಾಣಿಗಳಲ್ಲಿ ಕಾಣದಷ್ಟು ಕಡಿಮೆ ಇರಬಹುದು.

ಕುರಿ, ಮೇಕೆಗಳ ಪಿಪಿಆರ್, ಅಂದರೆ ಹಿರೇಬೇನೆಯಲ್ಲಿ ಕಣ್ಣು, ಮೂಗಿನ ಸ್ವಾಬ್ ಒಳ್ಳೆಯದು. ಆದರೆ ನೀರಾಗಿ ಸುರಿಯುತ್ತಿರುವ ಹಂತದಲ್ಲೇ ತೆಗೆಯಬೇಕು. ಕೀವುಗಟ್ಟಿ ಕಣ್ಣು ಅಂಟಿಕೊಂಡ ಕುರಿಗಿಂತ ಪಕ್ಕದಲ್ಲಿ ಈಗಷ್ಟೇ ಜ್ವರ ಬಂದ ಕುರಿಯನ್ನು ಆರಿಸಿ. ನೋಡಲು ಹೆಚ್ಚು ಕಾಯಿಲೆ ಇರುವ ಪ್ರಾಣಿಯೇ ಹೆಚ್ಚು ಒಳ್ಳೆಯ ಸ್ಯಾಂಪಲ್ ಕೊಡುತ್ತದೆ ಅನ್ನುವುದು ಎಲ್ಲ ಉಸಿರಾಟದ ವೈರಸ್‌ಗಳಲ್ಲೂ ತಪ್ಪು ಲೆಕ್ಕ.

ಸಗಣಿ, ಗಂಜಲ, ಮತ್ತು ಹೋರಿ

ಸಗಣಿ ಬೇಕಾದಷ್ಟು ಸಿಗುತ್ತದೆ. ಕಷ್ಟ ಬೇರೆ ಇದೆ. ಅದರಲ್ಲಿ ಪಿಸಿಆರ್‌ಗೆ ಅಡ್ಡಿ ಮಾಡುವ ಪದಾರ್ಥಗಳಿವೆ, ನಮಗೆ ಬೇಡದ ಬ್ಯಾಕ್ಟೀರಿಯಾಗಳು ರಾಶಿ ಇವೆ. ರೋಗಾಣು ದಿನಾ ಹೊರಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಜೋನ್ಸ್ ಕಾಯಿಲೆಯನ್ನೇ ನೋಡಿ. ಎಳೆಗರುವಾಗಿದ್ದಾಗ ತಗುಲಿದ ಸೋಂಕು ವರ್ಷಗಟ್ಟಲೆ ಸಗಣಿಯಲ್ಲಿ ಕಾಣುವುದಿಲ್ಲ. ಘನ ಮಾಧ್ಯಮದಲ್ಲಿ ಕಲ್ಚರ್ ಇಟ್ಟರೆ 8ರಿಂದ 16 ವಾರ ಕಾಯಬೇಕು. ಪಿಸಿಆರ್ ಬೇಗ ಉತ್ತರ ಕೊಡುತ್ತದೆ. ಆದರೆ ಕೊಟ್ಟಿಗೆ ತುಂಬಾ ಸೋಂಕು ಇದ್ದರೆ ಮೇವಿನ ಜೊತೆ ನುಂಗಿದ ಬ್ಯಾಕ್ಟೀರಿಯಾ ಹಾಗೆಯೇ ಹೊಟ್ಟೆ ದಾಟಿ ಬಂದು, ಸೋಂಕಿಲ್ಲದ ಹಸುವನ್ನೂ ಪಾಸಿಟಿವ್ ಮಾಡಬಹುದು. ಒಂದು ಪಾಸಿಟಿವ್‌ಗೆ ಬೆಲೆಬಾಳುವ ಹಸುವನ್ನು ಹೊರಹಾಕುವ ಮೊದಲು ಇನ್ನೊಮ್ಮೆ ನೋಡುವುದು ಒಳ್ಳೆಯದು.

ನಾಯಿಮರಿಯ ಪಾರ್ವೊ ಕಾಯಿಲೆಗೆ ಮಲದ ಕ್ಷಿಪ್ರ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಾಸಿಟಿವ್ ಬಂದರೆ ನಂಬಬಹುದು, ಇತ್ತೀಚೆಗೆ ಜೀವಂತ ಲಸಿಕೆ ಹಾಕಿಸಿಲ್ಲ ಅಂದರೆ. ನೆಗೆಟಿವ್ ಬಂದು ಮರಿ ರಕ್ತ ಬೇಧಿ ಮಾಡುತ್ತಿದ್ದರೆ ಅಷ್ಟಕ್ಕೇ ಬಿಡಬೇಡಿ, ಪಿಸಿಆರ್ ಮಾಡಿಸಿ. ವೈರಸ್ ಹೊರಬರುವುದು ಕೆಲವೇ ದಿನ.

ಇಲಿಜ್ವರ ಅಂತ ನಾವು ಕರೆಯುವ ಲೆಪ್ಟೊಸ್ಪೈರಾ ಸೋಂಕಿನಲ್ಲಿ ಸೀರಂ ಮತ್ತು ಗಂಜಲ ಒಂದಕ್ಕೊಂದು ವಿರುದ್ಧ ಹೇಳುವುದುಂಟು. ಹಾರ್ಡ್‌ಜೊ ಅನ್ನುವ ಬಗೆ ದನಗಳಿಗೆ ಎಷ್ಟು ಒಗ್ಗಿಕೊಂಡಿದೆ ಎಂದರೆ, ಸೀರಂ ನೆಗೆಟಿವ್ ಇರುವ ಹಸುವೂ ಗಂಜಲದಲ್ಲಿ ಬ್ಯಾಕ್ಟೀರಿಯಾ ಬಿಡುತ್ತಿರಬಹುದು. ಇಲ್ಲಿ ನಾನು ಎರಡನ್ನೂ ಕಳಿಸಿ ಅನ್ನುತ್ತೇನೆ. ಗಂಜಲದ್ದು ಆ್ಯಂಟಿಬಯಾಟಿಕ್ ಕೊಡುವ ಮೊದಲಿನದಾಗಿರಲಿ, ಬೇಗ ಲ್ಯಾಬ್ ಮುಟ್ಟಲಿ.

ಹೋರಿಯಿಂದ ಹಸುವಿಗೆ ದಾಟುವ ಏಕಕೋಶದ ಪರಾವಲಂಬಿ ಟ್ರೈಕೊಮೊನಾಸ್‌ಗೆ ಸೀರಂನಿಂದ ಹೆಚ್ಚಿನ ಸಹಾಯ ಇಲ್ಲ. ಸೋಂಕು ಹೋರಿಯ ಮುಂದೊಗಲಿನ ಮಡಿಕೆಗಳಲ್ಲೇ ಇರುತ್ತದೆ. ಹೋರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಅಲ್ಲಿಂದ ಕೆರೆದು ಅಥವಾ ತೊಳೆದು ತೆಗೆಯಬೇಕು, ಅದಕ್ಕೂ ಮೊದಲು ಹೋರಿಗೆ ಒಂದೆರಡು ವಾರ ವಿಶ್ರಾಂತಿ ಕೊಡಬೇಕು. ಒಂದು ಸಲ ನೆಗೆಟಿವ್ ಸಾಲದು, ವಾರಕ್ಕೊಂದರಂತೆ ಮೂರು ನೋಡುವುದು ರೂಢಿ. ಈ ಸ್ಯಾಂಪಲ್ ಫ್ರಿಜ್‌ಗೆ ಹೋದರೆ ಕೆಟ್ಟಿತು. ಕಲ್ಚರ್‌ಗೆ ಬೇಕಾದ ಜೀವಿ ತಣ್ಣಗೆ ಮಾಡಿದರೆ ಸಾಯುತ್ತದೆ. ಸ್ಯಾಂಪಲ್ ಅಂದರೆ ಐಸ್ ಅನ್ನುವ ಅಭ್ಯಾಸ ಇಲ್ಲಿ ತಿರುಗಿ ಹೊಡೆಯುತ್ತದೆ.

ಕಂದು ಹಾಕಿದಾಗ

ತಾಯಿಯ ಸೀರಂ ಒಂದನ್ನೇ ಕಳಿಸಿ ಕಾರಣ ಕೇಳುವವರು ಜಾಸ್ತಿ. ಅದರಿಂದ ಸಿಗುವುದು ಅರೆಬರೆ ಸುಳಿವು. ಬಿದ್ದ ಕಂದನ್ನೂ ಮಾಸನ್ನೂ ಇಡಿಯಾಗಿ ಕಳಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಕಂದಿನ ನಾಲ್ಕನೇ ಹೊಟ್ಟೆಯ ದ್ರವ, ಶ್ವಾಸಕೋಶ, ಯಕೃತ್ತು, ಗುಲ್ಮ, ಮತ್ತು ಮಾಸಿನ ಗುಂಡಿಗಳು. ಜನ ಮಾಸನ್ನು ಬಿಸಾಡಿ ಕಂದನ್ನು ಮಾತ್ರ ತರುತ್ತಾರೆ. ನನ್ನನ್ನು ಕೇಳಿದರೆ ಒಂದನ್ನೇ ಆರಿಸು ಅಂದಾಗ ಮಾಸಿಗೇ ಹೆಚ್ಚು ತೂಕ. ಕಂದು ಹಾಕಿಸುವ ಬ್ಯಾಕ್ಟೀರಿಯಾಗಳಾದ ಬ್ರುಸೆಲ್ಲಾ, ಕಾಕ್ಸಿಯೆಲ್ಲಾ, ಕ್ಲಮೈಡಿಯಾ ಎಲ್ಲವೂ ಅಲ್ಲೇ ಬೆಳೆಯುತ್ತವೆ.

ಕಂದಿನ ಎದೆಗೂಡಿನ ದ್ರವವನ್ನು ಬಹಳ ಜನ ಮರೆಯುತ್ತಾರೆ. ಹಸು, ಕುರಿ, ಮೇಕೆಗಳಲ್ಲಿ ತಾಯಿಯ ಪ್ರತಿಕಾಯ ಮಾಸು ದಾಟಿ ಕಂದಿಗೆ ಹೋಗುವುದಿಲ್ಲ. ಗಿಣ್ಣುಹಾಲಿನಿಂದ ಮಾತ್ರ ಸಿಗುತ್ತದೆ. ಹಾಗಿದ್ದ ಮೇಲೆ ಹಾಲೇ ಕುಡಿಯದ ಕಂದಿನ ದ್ರವದಲ್ಲಿ ಪ್ರತಿಕಾಯ ಇದ್ದರೆ, ಸೋಂಕು ಗರ್ಭದೊಳಗೇ ತಗುಲಿತ್ತು ಅಂತ ಅರ್ಥ. ತಾಯಿಯ ಸೀರಂ ಇಷ್ಟು ಖಚಿತವಾಗಿ ಯಾವತ್ತೂ ಹೇಳಲಾರದು. ತೀರಾ ಎಳೆಯ ಕಂದು ಇನ್ನೂ ಪ್ರತಿಕಾಯ ಮಾಡಲು ಕಲಿತಿರುವುದಿಲ್ಲ, ಅದೊಂದು ಮಿತಿ.

ಈ ಸ್ಯಾಂಪಲ್ ತೆಗೆಯುವವರಿಗೂ ಸೋಂಕು ಬರಬಹುದು. ಗ್ಲೌಸ್, ಮಾಸ್ಕ್, ಕನ್ನಡಕ ಬೇಕೇ ಬೇಕು. ಬಸುರಿ ಹೆಂಗಸರು ದೂರ ಇರಲಿ.

ಸತ್ತ ಪ್ರಾಣಿಯ ಮುಂದೆ

ದಿಢೀರ್ ಸಾವು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ. ಇಷ್ಟು ಕಂಡರೆ ಹೆಣ ಕೊಯ್ಯಬೇಡಿ. ನೆರಡಿ ರೋಗದ, ಅಂದರೆ ಆಂತ್ರಾಕ್ಸ್‌ನ ಬ್ಯಾಕ್ಟೀರಿಯಾ ಗಾಳಿ ತಾಗಿದಾಗ ಬೀಜಕಣವಾಗುತ್ತದೆ, ಆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕಿವಿಯ ನಾಳದಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿಯ ಮೇಲೆ ಹರಡಿದರೆ ಸಾಕು. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಹಾಕಿದಾಗ ನೀಲಿ ಕಡ್ಡಿಗಳ ಸುತ್ತ ನಸುಗೆಂಪು ಕವಚ ಕಾಣುತ್ತದೆ. ಹೆಣ ಕೊಳೆಯತೊಡಗಿದರೆ ಕವಚ ಮಾಯವಾಗುತ್ತದೆ, ಹಾಗಾಗಿ ತಡ ಮಾಡುವಂತಿಲ್ಲ.

ರೇಬೀಸ್‌ನಲ್ಲಿ ಮಿದುಳೇ ಬೇಕು. ಪ್ರತಿಕಾಯ ಬರುವುದು ತೀರಾ ಕೊನೆಯಲ್ಲಿ, ಜೊಲ್ಲಿನಲ್ಲಿ ವೈರಸ್ ಬಿಟ್ಟು ಬಿಟ್ಟು ಬರುತ್ತದೆ. ಬದುಕಿರುವ ನಾಯಿಯ ಜೊಲ್ಲು ನೆಗೆಟಿವ್ ಬಂತು ಅಂತ ಕಚ್ಚಿಸಿಕೊಂಡವರು ಲಸಿಕೆ ಬಿಟ್ಟರೆ ಅದಕ್ಕಿಂತ ಅನಾಹುತ ಇನ್ನೊಂದಿಲ್ಲ. ಮಿದುಳು ಕಾಂಡ ಮತ್ತು ಕಿರುಮಿದುಳು ಎರಡೂ ಇರಬೇಕು. ತಲೆಬುರುಡೆ ಒಡೆಯುವ ಅನುಕೂಲ ಇಲ್ಲದ ಕಡೆ ಬುರುಡೆಯ ಹಿಂದಿನ ದೊಡ್ಡ ರಂಧ್ರದಿಂದ ಕೊಳವೆ ತೂರಿಸಿ ತೆಗೆಯುವ ವಿಧಾನವೂ ಇದೆ. ಈ ಕೆಲಸ ಮುಂಚೆಯೇ ಲಸಿಕೆ ಹಾಕಿಸಿಕೊಂಡವರು ಮಾತ್ರ ಮಾಡಬೇಕು. ಫ್ಲೋರೆಸೆಂಟ್ ಆ್ಯಂಟಿಬಾಡಿ ಪರೀಕ್ಷೆಗೆ ತಾಜಾ ಅಂಗಾಂಶ ಬೇಕು, ಫಾರ್ಮಲಿನ್‌ಗೆ ಹಾಕಬೇಡಿ. ಐಸ್ ಇಲ್ಲದಿದ್ದರೆ ಅರ್ಧ ಗ್ಲಿಸರಾಲ್ ಇರುವ ದ್ರಾವಣ ನಡೆಯುತ್ತದೆ.

ಕಾಡಿನಲ್ಲಿ ವಾರಗಳ ಹಿಂದೆ ಸತ್ತು ಕೊಳೆತ ಕಾಡುಹಂದಿ ಸಿಕ್ಕರೆ ಏನೂ ಸಿಗದು ಅಂದುಕೊಳ್ಳಬೇಕಿಲ್ಲ. ಉದ್ದ ಮೂಳೆಯ ಮಜ್ಜೆಯಲ್ಲಿ ಆಫ್ರಿಕನ್ ಹಂದಿಜ್ವರದ ವೈರಸ್‌ನ ಡಿಎನ್‌ಎ ಚೆನ್ನಾಗಿ ಉಳಿದಿರುತ್ತದೆ.

ಹಕ್ಕಿಗಳು, ಕಾಡುಪ್ರಾಣಿಗಳು

ಹಕ್ಕಿಜ್ವರಕ್ಕೆ ಗಂಟಲು ಮತ್ತು ಗುದದ್ವಾರ ಎರಡರ ಸ್ವಾಬ್ ತೆಗೆಯುವುದು ವಾಡಿಕೆ. ಒಂದೊಂದು ವೈರಸ್ ತಳಿ, ಒಂದೊಂದು ಹಕ್ಕಿ ಜಾತಿಯಲ್ಲಿ ಒಂದೊಂದು ಕಡೆ ಜಾಸ್ತಿ ಇರುವುದರಿಂದ ಒಂದನ್ನು ಬಿಟ್ಟರೆ ನಷ್ಟ. ಮೊಟ್ಟೆಯ ಹಳದಿ ಲೋಳೆಯಲ್ಲಿ ತಾಯಿಕೋಳಿಯ ಪ್ರತಿಕಾಯ ಬಂದು ಸೇರುವುದರಿಂದ ಮೊಟ್ಟೆ ಕೋಳಿಗಳಲ್ಲಿ ಲಸಿಕೆ ಹಿಡಿದಿದೆಯಾ ಅಂತ ನೋಡಲು ರಕ್ತ ತೆಗೆಯುವ ಗೋಜೇ ಬೇಡ. ಕೋಳಿಗಳ ವೈರಸ್ ರೋಗವಾದ ಮರೆಕ್ಸ್ ಕಾಯಿಲೆಗೆ ಗರಿಯ ಬುಡ. ಸಾಲ್ಮೊನೆಲ್ಲಾಗೆ ಶೂ ಮೇಲೆ ಹತ್ತಿಯ ಚೀಲ ತೊಟ್ಟು ಶೆಡ್ ತುಂಬಾ ನಡೆದಾಡಿದರೆ ಅದೇ ಸ್ಯಾಂಪಲ್.

ಕಾಡುಪ್ರಾಣಿಗಳಲ್ಲಿ ಆಯ್ಕೆ ಕಡಿಮೆ, ಜಾಣತನ ಜಾಸ್ತಿ ಬೇಕು. ಮನುಷ್ಯರ ಎಚ್‌ಐವಿ-1ರ ಮೂಲ ಕ್ಯಾಮರೂನ್‌ನ ಚಿಂಪಾಂಜಿಗಳಲ್ಲಿದೆ ಎಂದು 2006ರಲ್ಲಿ ತೋರಿಸಿದ್ದು ಕಾಡಿನ ನೆಲದಿಂದ ಆರಿಸಿದ ಮಲದಿಂದ. ಆ ಮಲದಲ್ಲಿ ಪ್ರತಿಕಾಯವೂ ಸಿಕ್ಕಿತು, ವೈರಸ್‌ನ ಆರ್‌ಎನ್‌ಎ ಕೂಡ ಸಿಕ್ಕಿತು. ಒಂದು ಚಿಂಪಾಂಜಿಯನ್ನೂ ಮುಟ್ಟಬೇಕಾಗಲಿಲ್ಲ. ಹಿಡಿಯಲು ಸಿಕ್ಕ ಸಣ್ಣ ಪ್ರಾಣಿಗಳಿಗೆ ಸೋಸುಕಾಗದದ ಮೇಲೆ ಒಂದೆರಡು ಹನಿ ರಕ್ತ ಒಣಗಿಸುವುದು ಒಳ್ಳೆಯ ದಾರಿ. ಫ್ರಿಜ್ ಬೇಡ, ಅಂಚೆಯಲ್ಲೂ ಹೋಗುತ್ತದೆ. ಆದರೆ ಅದರಿಂದ ವೈರಸ್ ಬೆಳೆಸಲು ಸಾಧ್ಯ ಅಂತ ಎಣಿಸಬೇಡಿ.

ಹಲವನ್ನು ಒಂದರಲ್ಲಿ ಬೆರೆಸಿದರೆ

ಖರ್ಚು ಉಳಿಸಲು ಐದು ಹತ್ತು ಸ್ಯಾಂಪಲ್ ಸೇರಿಸಿ ಒಂದೇ ಪಿಸಿಆರ್ ಮಾಡುವುದುಂಟು. ಪಿಸಿಆರ್‌ನ ಒಂದೊಂದು ಸುತ್ತಿನಲ್ಲಿ ಜೀನ್ ತುಣುಕು ಇಮ್ಮಡಿಯಾಗುತ್ತದೆ. ಹಾಗಾಗಿ ಐದರಲ್ಲಿ ಒಂದೇ ಪಾಸಿಟಿವ್ ಇದ್ದರೆ ಸಿಗ್ನಲ್ ಸುಮಾರು 2.3 ಸುತ್ತು ತಡವಾಗುತ್ತದೆ, ಹತ್ತರಲ್ಲಿ ಒಂದಾದರೆ 3.3 ಸುತ್ತು. ಬಿವಿಡಿ ಕರುವಿನ ಕಿವಿಚೂರಿನಂತೆ ವೈರಸ್ ತುಂಬಿ ತುಳುಕುವ ಕಡೆ ಇದು ಲೆಕ್ಕಕ್ಕೇ ಬರುವುದಿಲ್ಲ. ಜೋನ್ಸ್‌ನ ಸಗಣಿಯಂತೆ ಮೊದಲೇ ತೆಳುವಾಗಿರುವ ಕಡೆ ಈ ಮೂರು ಸುತ್ತೇ ಪಾಸಿಟಿವನ್ನು ನೆಗೆಟಿವ್ ಮಾಡಬಹುದು. ಬೆರೆಸುವ ಕೆಲಸ ಲ್ಯಾಬಿನವರಿಗೇ ಬಿಡಿ. ಕೊಟ್ಟಿಗೆಯಲ್ಲೇ ಬೆರೆಸಿಬಿಟ್ಟರೆ ಪಾಸಿಟಿವ್ ಬಂದಾಗ ಯಾರದ್ದು ಅಂತ ಹುಡುಕಲು ಎಲ್ಲರನ್ನೂ ಮತ್ತೆ ಹಿಡಿಯಬೇಕು.

ಕಳಿಸುವಾಗ

ಪಿಸಿಆರ್‌ಗೆ ಪ್ಲಾಸ್ಟಿಕ್ ಕಡ್ಡಿಯ, ಸಿಂಥೆಟಿಕ್ ತುದಿಯ ಸ್ವಾಬ್ ಇರಲಿ. ಮರದ ಕಡ್ಡಿ, ಕ್ಯಾಲ್ಸಿಯಂ ಆಲ್ಜಿನೇಟ್ ತುದಿ, ಇದ್ದಿಲು ಬೆರೆಸಿದ ಜೆಲ್ ಇವು ಪಿಸಿಆರ್‌ಗೆ ಅಡ್ಡಿ. ಅದೇ ಇದ್ದಿಲು ಜೆಲ್ ಬ್ಯಾಕ್ಟೀರಿಯಾ ಕಲ್ಚರ್‌ಗೆ ಒಳ್ಳೆಯದು. ಎರಡೂ ಪರೀಕ್ಷೆ ಬೇಕಿದ್ದರೆ ಎರಡು ಸ್ವಾಬ್ ತೆಗೆಯಿರಿ.

ಹಿಸ್ಟೊಪ್ಯಾಥಾಲಜಿಗೆ, ಅಂದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೋಗುವ ತುಣುಕು ಒಂದು ಸೆಂಟಿಮೀಟರ್‌ಗಿಂತ ದಪ್ಪ ಇರಬಾರದು, ಅದರ ಹತ್ತು ಪಟ್ಟು 10 ಪ್ರತಿಶತ ಫಾರ್ಮಲಿನ್ ಬೇಕು. ಆ ಡಬ್ಬಿಯನ್ನು ಕಲ್ಚರ್ ಸ್ಯಾಂಪಲ್ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ, ಹಬೆಯೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಸೋರದ ಡಬ್ಬಿ, ಹೀರುವ ಹತ್ತಿ, ಎರಡನೇ ಸೋರದ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ, ಹೀಗೆ ಮೂರು ಪದರ ಇರಲಿ.

ಚೀಟಿಯಲ್ಲಿ ಪ್ರಾಣಿಯ ಗುರುತು, ವಯಸ್ಸು ಎಲ್ಲರೂ ಬರೆಯುತ್ತಾರೆ. ಕಾಯಿಲೆ ಯಾವತ್ತು ಶುರುವಾಯಿತು, ಸ್ಯಾಂಪಲ್ ಯಾವತ್ತು ತೆಗೆದಿರಿ, ಕೊನೆಯ ಲಸಿಕೆ ಯಾವಾಗ, ಆ್ಯಂಟಿಬಯಾಟಿಕ್ ಕೊಟ್ಟಾಯಿತಾ, ಇವನ್ನು ಬಿಡುತ್ತಾರೆ. ನೆಗೆಟಿವ್ ಬಂದಾಗ ಲ್ಯಾಬಿನವರು ಮೊದಲು ಹುಡುಕುವುದು ಈ ನಾಲ್ಕು ಸಾಲನ್ನೇ. ಯಾವ ರೋಗದ ಅನುಮಾನ ಅಂತಲೂ ಬರೆಯಿರಿ. ಅದು ಕಾನೂನಿನಂತೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದ್ದರೆ ಸ್ಯಾಂಪಲ್ ತೆಗೆಯುವ ಮೊದಲೇ ಪಶುವೈದ್ಯ ಇಲಾಖೆಗೆ ಫೋನ್ ಮಾಡಿ; ಎಷ್ಟೋ ಕಡೆ ಅಂಥ ಸ್ಯಾಂಪಲ್ ತೆಗೆಯುವ ಅಧಿಕಾರ ಅವರಿಗೆ ಮಾತ್ರ ಇರುತ್ತದೆ.